ಕಂಡಕ್ಟರ್ ಕಲಿಸಿದ ಖೋ ಖೋ

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಜನ ನಿದ್ದೆ ಮಾಡುತ್ತಾರೆ, ಇಲ್ಲವೇ ಕಡಲೆಕಾಯಿ ತಿನ್ನುತ್ತಾರೆ. ನಾನು ಗದ್ದೆ ಅಳೆಯುತ್ತೇನೆ. ಕಟಾವಾಗಿ ಒಣಗಿದ ಭತ್ತದ ಗದ್ದೆ ಕಣ್ಣಿಗೆ ಬಿದ್ದರೆ ಸಾಕು, ಈ ತುದಿಗೊಂದು ಕಂಬ, ಆ ತುದಿಗೊಂದು ಕಂಬ ನೆಟ್ಟರೆ ನಡುವೆ ಮಕ್ಕಳು ಕೂರಲು ಜಾಗ ಸಾಲುತ್ತದೆಯೇ, ಬದು ಅಡ್ಡ ಬರುತ್ತದೆಯೇ, ಕೂಳೆ ಕಿತ್ತು ಮಟ್ಟ ಮಾಡುವುದಕ್ಕೆ ಎಷ್ಟು ಭಾನುವಾರ ಹಿಡಿದೀತು ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕತೊಡಗುತ್ತದೆ. ಪಕ್ಕದಲ್ಲಿ ಕೂತ ನಮ್ಮ ಯಜಮಾನರು, "ಏನು, ಕೊಂಡುಕೊಳ್ಳೋಣವಾ?" ಎಂದು ಕಿಚಾಯಿಸುತ್ತಾರೆ. ಪಿಂಚಣಿಯಲ್ಲಿ ಬದುಕುವವರಿಗೆ ಗದ್ದೆ ಕೊಳ್ಳುವ ಯೋಗ ಎಲ್ಲಿಂದ ಬರಬೇಕು. ಆದರೆ ಗದ್ದೆಯನ್ನು ಎರವಲು ಕೇಳುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು.

ಈ ಚಟ ನನಗೆ ಅಂಟಿಕೊಂಡದ್ದು ತೊಂಬತ್ತರ ದಶಕದಲ್ಲಿ, ನಾನು ನಂಜನಗೂಡಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ. ಬೀದಿಗೊಂದು ಎಸ್‌ಟಿಡಿ ಬೂತು ಆಗತಾನೆ ತಲೆಯೆತ್ತುತ್ತಿದ್ದ ಕಾಲ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಲ್ಲೇ ಕೂತು ಊರವರ ಸಾವು, ಹುಟ್ಟು, ಜಗಳ, ರಾಜಿಗಳನ್ನೆಲ್ಲ ಮೈಸೂರಿಗೂ ಮದರಾಸಿಗೂ ಜೋಡಿಸುತ್ತಿದ್ದೆ. ಕೂತು ಮಾಡುವ ಕೆಲಸ ನೋಡಿ, ಮೈ ಅದಕ್ಕೆ ತಕ್ಕಂತೆ ಬೆಳೆದಿತ್ತು. ಇಂಥವಳು ಖೋ ಖೋ ತಂಡ ಕಟ್ಟಿದಳು ಎಂದರೆ ನೀವು ನಗುತ್ತೀರಿ. ನಗಿ, ನಮ್ಮ ಎಕ್ಸ್‌ಚೇಂಜಿನವರೆಲ್ಲ ನಕ್ಕು ಮುಗಿಸಿದ್ದಾರೆ.

ನಾನು ಚಿಕ್ಕಂದಿನಲ್ಲಿ ಓದಿದ ಶಾಲೆಯಲ್ಲಿ ಆಟದ ಸಾಮಾನಿಗೆಂದೇ ಒಂದು ಬೀರು ಇತ್ತು. ಬೀರುವಿಗೆ ಬೀಗ ಇತ್ತು. ಒಳಗೆ ಒಂದು ಚೆಂಡು ಇತ್ತು ಎಂದು ನಾವು ನಂಬಿದ್ದೆವು. ಸಾಹೇಬರು ತನಿಖೆಗೆ ಬಂದ ದಿನ ಮಾತ್ರ ಆ ಚೆಂಡನ್ನು ಹೊರಗೆ ತೆಗೆದು, ಒರೆಸಿ, ಮೇಜಿನ ಮೇಲೆ ಇಡುತ್ತಿದ್ದರು. ನಾವು ಸಾಲಾಗಿ ನಿಂತು ನೋಡುತ್ತಿದ್ದೆವು. ಅದಕ್ಕೆ ಮಂಗಳಾರತಿ ಎತ್ತದೆ ಇದ್ದದ್ದೇ ಹೆಚ್ಚು. ಗಂಡು ಹುಡುಗರಾದರೂ ಹೊಳೆಗೆ ಬಿದ್ದು ಈಜುತ್ತಿದ್ದರು. ನಮಗೆ, ಹೆಣ್ಣು ಮಕ್ಕಳಿಗೆ, ಆಟದ ಪೀರಿಯಡ್ ಅಂದರೆ ಕರ್ಚೀಪಿಗೆ ಅಂಚು ಹೊಲಿಯುವುದು. ಸಂಜೆ ಮನೆ ಮುಂದೆ ಖೋ ಖೋ ಆಡುತ್ತಿದ್ದೆವು, ಏಕೆಂದರೆ ಅದಕ್ಕೆ ಬೀರುವೂ ಬೇಡ ಬೀಗವೂ ಬೇಡ. ಆದರೆ ನಾನು ಆಗಲೇ ದುಂಡಗಿದ್ದೆ. ನನ್ನನ್ನು ಎಬ್ಬಿಸಿದರೆ ತಂಡಕ್ಕೆ ನಷ್ಟ ಎಂದು ಗೆಳತಿಯರೆಲ್ಲ ಸೇರಿ ತೀರ್ಮಾನಿಸಿದ್ದರು. ಹಾಗಾಗಿ ಸಾಲಿನಲ್ಲಿ ಕೂತ ನನ್ನ ಬೆನ್ನಿಗೆ ಯಾರೂ ಖೋ ಕೊಡುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೂ ಕೂತಲ್ಲೇ ಕೂತಿದ್ದು, ಲಂಗದ ಮಣ್ಣು ಕೊಡವಿಕೊಂಡು ಮನೆಗೆ ಹೋಗುತ್ತಿದ್ದೆ. ಈಗ ಹೇಳುವಾಗ ತಮಾಷೆ, ಆಗ ಮಾತ್ರ ಅಳು ಬರುತ್ತಿತ್ತು.

ಅದಿರಲಿ. ಒಂದು ಭಾನುವಾರ ಹುಲ್ಲಹಳ್ಳಿಯಲ್ಲಿದ್ದ ನಮ್ಮ ಅತ್ತೆಯನ್ನು ನೋಡಲು ಖಾಸಗಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ಬಸ್ಸಿನ ಕಂಡಕ್ಟರ್ ಗೋವಿಂದ. ಕಡ್ಡಿಯಂಥ ಆಳು, ಕಿವಿಯವರೆಗೆ ಮೀಸೆ. ಊರು ಇನ್ನೂ ಸ್ವಲ್ಪ ದೂರ ಇರುವಾಗ, ನಾಲೆಯ ಏರಿಯ ಮೇಲೆ ಒಂದಷ್ಟು ಹೆಣ್ಣು ಮಕ್ಕಳು ಖೋ ಖೋ ಆಡುತ್ತಿದ್ದರು. ಪಕ್ಕದ ಕಾಲೋನಿಯ ಮಕ್ಕಳು, ಕಾಲಿಗೆ ಚಪ್ಪಲಿ ಇಲ್ಲ, ಲಂಗವನ್ನು ಸೊಂಟಕ್ಕೆ ಎತ್ತಿ ಕಟ್ಟಿದ್ದರು. ಗೋವಿಂದ ಬಾಗಿಲಲ್ಲಿ ನೇತಾಡುತ್ತಿದ್ದವನು ಪೀ ಎಂದು ಸೀಟಿ ಊದಿ ಬಸ್ಸು ನಿಲ್ಲಿಸಿಯೇ ಬಿಟ್ಟ. ಯಾರೋ ಹತ್ತುತ್ತಾರೆ ಅಂದುಕೊಂಡರೆ, ಇವನೇ ಇಳಿದು ಓಡಿದ.

"ಏ ಮಗಾ, ಅಂಗಲ್ಲ ಕೂತ್ಕಳದು! ಒಬ್ಳು ಆ ಕಡೀಕೆ ಮಕ, ಒಬ್ಳು ಈ ಕಡೀಕೆ ಮಕ. ಮುಂಗಾಲ ಮ್ಯಾಲೆ ಕೂತ್ಕಳಿ. ಅಂಡು ಊರಬ್ಯಾಡಿ!" ಎಂದು ತಾನೇ ಕೂತು ತೋರಿಸತೊಡಗಿದ.

ಡ್ರೈವರು ಹಾರನ್ ಒತ್ತಿದ. ಹಿಂದಿನ ಸೀಟಿನ ಹಿರಿಯರೊಬ್ಬರು ಕಿಟಕಿಯಿಂದ ತಲೆ ಹಾಕಿ, "ಏನಪ್ಪಾ ಕಂಡಕ್ಟ್ರೇ, ನಮ್ಮನ್ನ ಉಲ್ಲಳ್ಳಿಗೆ ಬಿಡ್ತೀಯೋ, ಇಲ್ಲಾ ನಾವೂ ಇಳ್ದು ಆಡ್ಬೇಕೋ?" ಎಂದು ಕೇಳಿದರು.

ಗೋವಿಂದ ಓಡಿ ಬಂದು ಹತ್ತಿ ಎರಡು ಸೀಟಿ ಊದಿದ. ಬಸ್ಸು ಹೊರಟಿತು. ಅವನು ಏದುಸಿರು ಬಿಡುತ್ತ ನನ್ನ ಸೀಟಿನ ಕಂಬಿ ಹಿಡಿದು ನಿಂತು, "ಅಕ್ಕಾ, ಆ ಮೂಲೇಲಿದ್ದ ಉಡ್ಗೀನ ನೋಡಿದ್ರಾ? ಆ ತಿರುಗದು ನೋಡಿದ್ರಾ? ನಾನು ಕಾಲೇಜಲ್ಲಿ ಆಡ್ತಿದ್ದಾಗ ನನಗೂ ಅಂಗೆ ತಿರುಗಕ್ಕೆ ಬತ್ತಿರ್ಲಿಲ್ಲ ಕಣಕ್ಕಾ" ಅಂದ. ಅವನ ಕಣ್ಣಲ್ಲಿ ನೀರಿತ್ತು. ಓಡಿದ್ದಕ್ಕೋ ಏನೋ ಗೊತ್ತಿಲ್ಲ.

ಆ ಮೂಲೆಯ ಹುಡುಗಿ ರಾಜಮ್ಮಣಿ. ಆರನೇ ಕ್ಲಾಸು. ಅವಳ ಶಾಲೆಯ ಅಂಗಳ ಎರಡು ಚಾಪೆ ಹಾಸುವಷ್ಟಿತ್ತು. ಅದಕ್ಕೇ ಏರಿಯ ಮೇಲೆ, ಬಸ್ಸು ಲಾರಿಗಳ ನಡುವೆ ಆಟ. ಅವತ್ತು ಅತ್ತೆಯ ಮನೆಯಲ್ಲಿ ಕೂತರೂ ನನಗೆ ಆ ಮಕ್ಕಳದೇ ಯೋಚನೆ. ಕಲಿಸಲು ಗೋವಿಂದನಿದ್ದಾನೆ, ಆಡಲು ಮಕ್ಕಳಿದ್ದಾರೆ, ನೆಲವೊಂದಿಲ್ಲ. ಭೂಮಿಯ ಮೇಲೆ ಇಷ್ಟೊಂದು ನೆಲ ಇದ್ದೂ ಒಂಬತ್ತು ಹುಡುಗಿಯರಿಗೆ ಓಡಲು ಜಾಗವಿಲ್ಲ ಅಂದರೆ ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ನಾನು ಸುಮ್ಮನೆ ಕೂರುವವಳಲ್ಲ. ಕೂತು ಕೂತು ಸಾಕಾಗಿತ್ತು ಅನ್ನಿ.

ನಾನೂ ಗೋವಿಂದನೂ ಸೇರಿ ಹಿಡಿದದ್ದು ಶಿವಬಸಪ್ಪನವರನ್ನು. ಹುಲ್ಲಹಳ್ಳಿಯಲ್ಲಿ ಅಕ್ಕಿ ಗಿರಣಿ, ಕಾಲೋನಿಗೆ ಹತ್ತಿರದಲ್ಲಿ ಗದ್ದೆ. ಹಣೆ ತುಂಬ ವಿಭೂತಿ, ಮಠದಲ್ಲಿ ದಾಸೋಹದ ಉಸ್ತುವಾರಿ, ಮಾತು ಕಡಿಮೆ. ಡಿಸೆಂಬರಿನ ಕಟಾವು ಮುಗಿದು ನಾಲೆ ನಿಂತ ಮೇಲೆ ಜುಲೈವರೆಗೆ ಆ ಗದ್ದೆ ಖಾಲಿ. ಅದನ್ನೇ ಕೇಳಿದೆವು. ಅವರು, "ನೀರು ಬಿಡೋ ಹೊತ್ಗೆ ಕಂಬ ಕಿತ್ಕೋಬೇಕು, ಅಷ್ಟೇಯ" ಅಂದರು. ಊರಿನ ಒಬ್ಬಿಬ್ಬರು, ಕಾಲೋನಿ ಹುಡುಗೀರನ್ನ ಗದ್ದೆಗೆ ಬಿಟ್ಟುಕೊಂಡು ಕುಣಿಸೋದು ಯಾವ ನ್ಯಾಯ ಎಂದು ಗಿರಣಿಯ ಬಾಗಿಲಲ್ಲೇ ನಿಂತು ಆಡಿಕೊಂಡರಂತೆ. ಶಿವಬಸಪ್ಪನವರು ತಕ್ಕಡಿಯಿಂದ ತಲೆ ಎತ್ತದೆಯೇ, "ನಾಟಿ ಹಾಕಕ್ಕೆ ಅವ್ರ ಕಾಲು ಬೇಕು, ಆಟ ಆಡಕ್ಕೆ ಬ್ಯಾಡ್ವಾ?" ಎಂದು ಕೇಳಿದರಂತೆ.

ಹೀಗೆ ಶುರುವಾಯಿತು ನಮ್ಮ ಮೈದಾನ, ನಾಲೆ ನಿಂತಾಗ ಹುಟ್ಟಿ ನಾಲೆ ಹರಿದಾಗ ಸಾಯುವ ಮೈದಾನ. ಭತ್ತದ ಕೂಳೆ ಅಂಗಾಲಿಗೆ ಸೂಜಿಯ ಹಾಗೆ ಚುಚ್ಚುತ್ತದೆ. ಅದನ್ನು ಕೀಳಬೇಕು, ಹೆಂಟೆ ಒಡೆಯಬೇಕು, ನೀರು ಚಿಮುಕಿಸಿ ತುಳಿಯಬೇಕು. ನಾನು ಗುದ್ದಲಿ ಹಿಡಿದದ್ದು ನೋಡಿ ಮಕ್ಕಳು ಕೆಲಸ ಬಿಟ್ಟು ನಕ್ಕವು. ತುಳಿಯುವ ಕೆಲಸಕ್ಕೆ ಮಾತ್ರ, "ಮೇಡಮ್ಮೋರೇ ತುಳೀಲಿ, ಬೇಗ ಗಟ್ಟಿ ಆಯ್ತದೆ" ಎಂದು ಒಮ್ಮತದಿಂದ ನನ್ನನ್ನೇ ಆರಿಸಿದವು. ಗಿರಣಿಯ ಎರಡು ಹಳೆಯ ತೊಲೆ ಕಂಬಗಳಾದವು. ಅವನ್ನು ನಮ್ಮ ಯಜಮಾನರು ಉಪ್ಪುಕಾಗದ ಹಾಕಿ ಉಜ್ಜಿ ನುಣ್ಣಗೆ ಮಾಡಿಕೊಟ್ಟರು. ಭಾನುವಾರ ಬೆಳಿಗ್ಗೆ ನಾನು ಹೊರಟರೆ, "ಒಲಿಂಪಿಕ್ಸಿಗೆ ಹೊತ್ತಾಯ್ತೇನೋ" ಎನ್ನುತ್ತ ಬುತ್ತಿಯನ್ನೂ ಕಟ್ಟಿಕೊಡುತ್ತಿದ್ದರು.

ಲಂಗದಲ್ಲಿ ಓಡಿದರೆ ಕಾಲಿಗೆ ತೊಡರುತ್ತದೆ, ಚಡ್ಡಿ ಬೇಕು. ಬಟ್ಟೆ ಎಲ್ಲಿಂದ? ಗೋವಿಂದ ತನ್ನ ಹಳೆಯ ಖಾಕಿ ಸಮವಸ್ತ್ರಗಳನ್ನೂ ತನ್ನ ಜೊತೆಯ ಕಂಡಕ್ಟರುಗಳ ಹಳೆಯವನ್ನೂ ಮೂಟೆ ಕಟ್ಟಿ ತಂದು ನನ್ನ ಹೊಲಿಗೆ ಮಿಷನ್ನಿನ ಮುಂದೆ ಸುರಿದ. ಬೆವರು, ಡೀಸೆಲ್ಲು, ಎಲೆ ಅಡಿಕೆ ಎಲ್ಲ ಸೇರಿದ ಆ ವಾಸನೆ ಮೂರು ಸಲ ಒಗೆದರೂ ಹೋಗಲಿಲ್ಲ. ಅಂತೂ ಅಂಚು ಹೊಲಿದು ಕಲಿತ ವಿದ್ಯೆ ಕೈಬಿಡಲಿಲ್ಲ. ಮುಂದಿನ ಭಾನುವಾರ ಗದ್ದೆಯಲ್ಲಿ ಒಂಬತ್ತು ಪುಟ್ಟ ಕಂಡಕ್ಟರುಗಳು ಸಾಲಾಗಿ ಕೂತಿದ್ದರು.

ಗೋವಿಂದನ ಕಲಿಸುವಿಕೆಯೂ ಬಸ್ಸಿನದೇ. ತಡವಾಗಿ ಬಂದವಳಿಗೆ, "ಲಾಸ್ಟ್ ಬಸ್ ಓಯ್ತು ಕಣವ್ವ" ಎನ್ನುವನು. ಮೈ ಬಳುಕಿಸಿ ತಪ್ಪಿಸಿಕೊಳ್ಳುವುದನ್ನು, ತುಂಬಿದ ಬಸ್ಸಿನಲ್ಲಿ ಟಿಕೆಟು ಕೊಡುತ್ತ ಜನರ ನಡುವೆ ನುಸುಳುವುದು ಹೇಗೆ ಎಂದು ನಟಿಸಿ ತೋರಿಸುವನು. ಯಾರಾದರೂ ಔಟಾದರೆ ಒಂದು ಸೀಟಿ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಅವನು ನಡುವೆ ಹೋಗಿ, ಯಾರ ಕಾಲು ಎಲ್ಲಿತ್ತು, ಯಾಕೆ ಸಿಕ್ಕಿಬಿದ್ದಳು ಎಂದು ವಿವರಿಸುವನು. ಆಮೇಲೆ ಎರಡು ಸೀಟಿ, "ರೈಟ್ ರೈಟ್!" ಮತ್ತೆ ಓಟ. ಬಸ್ಸು ಹತ್ತಿ ಗೊತ್ತಿದ್ದ ಯಾರಿಗೂ ಇದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ನಾನು ಮೈಸೂರಿನಿಂದ ನಿಯಮದ ಪುಸ್ತಕ ತರಿಸಿ, ಗೆರೆ ಎಷ್ಟು ದಪ್ಪ ಇರಬೇಕು ಎಂಬುದನ್ನೂ ಬಿಡದೆ ಓದಿದ್ದೆ. ಸೀಟಿಯ ವಿಚಾರ ಬಂದ ಪುಟವನ್ನು, ಸೀಟಿ ನಮ್ಮ ಗೋವಿಂದನಿಗೆ ತಿಳಿಯದ್ದೇ ಎಂದು, ಮಗುಚಿ ಹಾಕಿದೆ.

ಎರಡನೆಯ ಬೇಸಿಗೆ. ರಾಜಮ್ಮಣಿ ಏಳನೇ ಕ್ಲಾಸು ಮುಗಿಸುತ್ತಿದ್ದಳು. ಮೇ ತಿಂಗಳಲ್ಲಿ ಟಿ. ನರಸೀಪುರದಲ್ಲಿ ಹೆಣ್ಣು ಮಕ್ಕಳ ಖೋ ಖೋ ಪಂದ್ಯಗಳಿವೆ, ಅಲ್ಲಿ ಚೆನ್ನಾಗಿ ಆಡಿದವರನ್ನು ಕ್ರೀಡಾ ಹಾಸ್ಟೆಲಿಗೆ ಆರಿಸುತ್ತಾರೆ, ಊಟ ವಸತಿ ಓದು ಎಲ್ಲ ಅಲ್ಲಿಯದೇ ಎಂದು ಗೋವಿಂದ ಸುದ್ದಿ ತಂದ. ನಾವಿಬ್ಬರೂ ಹಿಗ್ಗಿಕೊಂಡು ರಾಜಮ್ಮಣಿಯ ಮನೆಗೆ ಹೋದೆವು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅಕ್ಕಿ ಆರಿಸುತ್ತ ಅವಳ ತಾಯಿ ಸಿದ್ದಮ್ಮ. ಸಿದ್ದಮ್ಮ ನಾಟಿ ಗುಂಪಿನ ಮುಂದಾಳು. ಅವಳ ಗುಂಪು ಗುತ್ತಿಗೆ ಹಿಡಿದು ಗದ್ದೆ ನೆಡುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹಿಂದಿನ ವರ್ಷದವರೆಗೆ ದೊಡ್ಡ ಮಗಳು ಒಂದು ಸಾಲು ಹಿಡಿಯುತ್ತಿದ್ದಳು. ಅವಳು ಮದುವೆಯಾಗಿ ಮೂಗೂರಿಗೆ ಹೋದಳು. ಆ ಸಾಲು ಖಾಲಿಯಾಗಿತ್ತು.

"ಆ ಸಾಲ್ಗೆ ಇವ್ಳೇಯ. ಏಳ್ನೇದು ಓದುದ್ಲು, ಸಾಕು. ಐಸ್ಕೂಲು ಗೀಸ್ಕೂಲು ನಮ್ಗಲ್ಲ ಕಣ್ರವ್ವ. ಒಂದು ಸಾಲು ಕಮ್ಮಿ ಆದ್ರೆ ಮಿಕ್ಕೋರು ಸುಮ್ಕಿರ್ತಾರಾ?" ಅಂದಳು ಸಿದ್ದಮ್ಮ.

ನಾನು ಟೆಲಿಫೋನಿನಲ್ಲಿ ಮಾತಾಡುವ ನಯವಾದ ದನಿಯಲ್ಲಿ ವಿದ್ಯೆಯ ಮಹತ್ವ ಹೇಳತೊಡಗಿದೆ. ಸಿದ್ದಮ್ಮ ಮೊರದಿಂದ ಕಲ್ಲು ಆರಿಸುತ್ತಲೇ ಇದ್ದಳು. ಒಲೆಯ ಹತ್ತಿರ ಕೂತಿದ್ದ ರಾಜಮ್ಮಣಿ ಎದ್ದು ಬಂದು, "ಅವ್ವಾ, ನರಸೀಪುರಕ್ಕೆ ಒಂದ್ಸಲ ಬುಡು. ಆರ್ಸ್ಕಂಡ್ರೆ ಓಯ್ತೀನಿ. ಆರ್ಸ್ಕಳ್ನಿಲ್ಲ ಅಂದ್ರೆ ನಾಟಿಗೆ ಬತ್ತೀನಿ, ಕೇಳಾಕಿಲ್ಲ" ಅಂದಳು.

ಸಿದ್ದಮ್ಮ ಮೊರ ಕೆಳಗಿಟ್ಟಳು. "ಮಾತು ಅಂದ್ರೆ ಮಾತು ಕಣೇ."

"ಮಾತು ಅಂದ್ರೆ ಮಾತು."

ಹದಿಮೂರು ತುಂಬದ ಹುಡುಗಿ ತನ್ನ ಇಡೀ ಬದುಕನ್ನು ಒಂದು ಪಂದ್ಯಕ್ಕೆ ಒತ್ತೆ ಇಟ್ಟಿದ್ದಳು. ವಾಪಸು ಬರುವಾಗ ಗೋವಿಂದ, "ಬುಡಕಿಲ್ಲ ಕಣಕ್ಕಾ. ಇವ್ಳನ್ನ ಆರ್ಸ್ದೆ ಎಂಗಿರ್ತಾರೋ ನೋಡ್ತೀನಿ" ಎಂದು ದಾರಿಯುದ್ದಕ್ಕೂ ಮೀಸೆ ತಿರುವಿದ. ಅಂದಿನಿಂದ ದಿನಾ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಗದ್ದೆಗೆ ಬಂದು ಆಡಿಸಿದ. ನಾನೂ ಡ್ಯೂಟಿಗೆ ಮುಂಚೆ ಬೇರೆ ಬಸ್ಸು ಹಿಡಿದು ಬಂದು ಅವನ ಟ್ರಿಪ್ಪಿನಲ್ಲಿ ವಾಪಸು ಹೋಗುತ್ತಿದ್ದೆ. ಮಕ್ಕಳು ಒಂದು ಸೀಟಿಗೆ ಕಲ್ಲಿನ ಹಾಗೆ ನಿಲ್ಲುತ್ತಿದ್ದವು, ಎರಡು ಸೀಟಿಗೆ ಬಾಣದ ಹಾಗೆ ಹೊರಡುತ್ತಿದ್ದವು. ಆ ಶಿಸ್ತು ನೋಡಿ ನಾವು ಬೀಗುತ್ತಿದ್ದೆವು.

ಪಂದ್ಯದ ದಿನ ಶಿವಬಸಪ್ಪನವರು ಗಿರಣಿಯ ಟೆಂಪೋ ಕೊಟ್ಟು ತಾವೂ ಮುಂದೆ ಕೂತರು. ಸಿದ್ದಮ್ಮ, ಮಗಳನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಹತ್ತಿದಳು. ಮೇ ತಿಂಗಳು, ಗದ್ದೆ ಕೆಲಸ ಇಲ್ಲ. ಅವಳ ಹಿಂದೆ ಇಡೀ ನಾಟಿ ಗುಂಪು, "ನರಸೀಪುರದ ಒಳೆ ನೋಡ್ಕಂಡು ಬತ್ತೀವಿ" ಎಂದು ತಟ್ಟೆ ಲೋಟ ಸಮೇತ ಹತ್ತಿತು. ಒಂಬತ್ತು ಆಟಗಾರ್ತಿಯರಿಗೆ ಹನ್ನೆರಡು ಜನ ಮೇಲ್ವಿಚಾರಕಿಯರು.

ನಮ್ಮ ಎದುರು ತಂಡ ಪಟ್ಟಣದ ಹುಡುಗಿಯರು. ಕಾಲಿಗೆ ಕ್ಯಾನ್ವಾಸ್ ಶೂ, ಬೆನ್ನಿಗೆ ನಂಬರು. ಖಾಕಿ ಚಡ್ಡಿಯ ನಮ್ಮವರು ಅಂಕಣಕ್ಕೆ ಇಳಿದಾಗ ಯಾರೋ, "ಟಿಕೆಟ್ ಟಿಕೆಟ್!" ಎಂದು ಕೂಗಿದರು. ನಮ್ಮ ಮಕ್ಕಳು ಅದಕ್ಕೆಲ್ಲ ಜಗ್ಗಲಿಲ್ಲ. ಮುಂಗಾಲ ಮೇಲೆ ಸಾಲಾಗಿ ಕೂತವು. ರಾಜಮ್ಮಣಿ ಕಂಬದ ಹತ್ತಿರ ಬೆನ್ನಟ್ಟಲು ನಿಂತಳು. ಎದುರಾಳಿಯ ಮೂವರು ಒಳಗೆ ಬಂದರು. ಅಂಪೈರು ಸೀಟಿ ಬಾಯಿಗಿಟ್ಟು ಒಂದು ಸಲ ಉದ್ದಕ್ಕೆ ಊದಿದರು.

ರಾಜಮ್ಮಣಿ ಅಲುಗಲಿಲ್ಲ. ನಿಂತಿದ್ದವಳು ಇನ್ನಷ್ಟು ಗಟ್ಟಿಯಾಗಿ ನಿಂತಳು.

ಜನ ನಕ್ಕರು. ಅಂಪೈರು ಕೈಬೀಸಿದ ಮೇಲೆ ಅವಳು ಬೆಚ್ಚಿ ಓಡಿದಳು. ಓಡಿದ್ದೇ ತಡ, ಒಬ್ಬಳನ್ನು ಮುಟ್ಟಿದಳು. ನಾವು ಕುಣಿದಾಡಿದೆವು. ಅಂಪೈರು ಔಟ್ ಎಂದು ಒಂದು ಸೀಟಿ ಊದಿದರು. ತಕ್ಷಣ ರಾಜಮ್ಮಣಿ ಕಲ್ಲಿನ ಹಾಗೆ ನಿಂತಳು, ಸಾಲಿನಲ್ಲಿ ಕೂತವರೂ ಕೂತಲ್ಲೇ ಉಳಿದರು. ಖೋ ಖೋದಲ್ಲಿ ಔಟಾದವಳು ಹೊರಗೆ ನಡೆಯುತ್ತಾಳೆ, ಆಟ ನಿಲ್ಲುವುದಿಲ್ಲ. ಉಳಿದ ಇಬ್ಬರು ಎದುರಾಳಿಗಳು ನಮ್ಮವರ ನಡುವೆ ಆರಾಮಾಗಿ ಓಡಿ ಆ ತುದಿ ಸೇರಿದರು. ನಮ್ಮವರು ಮತ್ತೆ ಒಬ್ಬಳನ್ನು ಹಿಡಿದರು, ಮತ್ತೆ ಸೀಟಿ, ಮತ್ತೆ ನಿಂತರು. ನಮ್ಮವರು ಓಡಿ ತಪ್ಪಿಸಿಕೊಳ್ಳುವ ಸರದಿಯಂತೂ ನೋಡಲಾಗಲಿಲ್ಲ. ಮೂವರಲ್ಲಿ ಒಬ್ಬಳು ಔಟಾಗಿ ಸೀಟಿ ಕೇಳಿದರೆ ಉಳಿದಿಬ್ಬರೂ ನಿಂತು, ಬಂದು ಮುಟ್ಟಿ ಎಂಬಂತೆ ಕಾಯುತ್ತಿದ್ದರು.

ಗೋವಿಂದ ನನ್ನ ಪಕ್ಕದಲ್ಲಿ ನೆಲಕ್ಕೆ ಕುಸಿದ. "ಅಕ್ಕಾ, ನನ್ನ ವಿಷಲ್ಲು. ನಾನು ಬಸ್ ನಿಲ್ಸಂಗೆ ಕಲ್ಸ್‌ಬುಟ್ಟೆ. ಮಕ್ಕಳ್ನ ಕೆಡ್ಸ್‌ಬುಟ್ಟೆ" ಎಂದು ತಲೆ ಚಚ್ಚಿಕೊಂಡ. ನನಗೆ ಆಗ ಆ ಮಗುಚಿದ ಪುಟ ಕಣ್ಣ ಮುಂದೆ ಬಂತು, ಆದರೆ ಅಳುತ್ತ ಕೂರುವ ಹೊತ್ತು ಅದಲ್ಲ. ವಿರಾಮದಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ಸೀಟಿ ಕೇಳಿದರೂ ನಿಲ್ಲಬೇಡಿ, ಓಡಿ" ಎಂದೆ.

"ಗೊತ್ತು ಮೇಡಂ, ಕಾಲೇ ನಿಂತೋಯ್ತದೆ" ಅಂದಳು ರಾಜಮ್ಮಣಿ. ಅವಳು ಅಳುತ್ತಿರಲಿಲ್ಲ. ಗೋವಿಂದನ ಕಡೆ ತಿರುಗಿ, "ಸಾ, ನೀವು ಗೆರೆ ಪಕ್ಕ ನಿಂತ್ಕಳಿ. ಅವ್ರು ಒಂದು ಊದಿದ್ ತಕ್ಷಣ ನೀವು ರೈಟ್ ರೈಟ್ ಅಂದ್ಬುಡಿ. ನಾವು ಓಡ್ತೀವಿ" ಅಂದಳು.

ಎಷ್ಟು ಸಲೀಸು! ಎರಡನೆಯ ಇನ್ನಿಂಗ್ಸ್ ಶುರುವಾಯಿತು. ಅಂಪೈರು ಒಂದು ಸೀಟಿ ಊದಿದರು, ಗೋವಿಂದ ಗೆರೆಯ ಪಕ್ಕದಿಂದ, "ರೈಟ್ ರೈಟ್!" ಅಂದ. ರಾಜಮ್ಮಣಿ ಚಿಮ್ಮಿ ಓಡಿದಳು. ಅಂಪೈರು ಆಟ ನಿಲ್ಲಿಸಿ ಗೋವಿಂದನ ಹತ್ತಿರ ಬಂದರು. "ರೀ, ಕೋಚ್ ಹೊರಗಿಂದ ಹೇಳಿಕೊಡೋ ಹಾಗಿಲ್ಲ. ಇನ್ನೊಂದು ಸಲ ಬಾಯಿ ಬಿಟ್ರೆ ನಿಮ್ಮ ಟೀಮನ್ನೇ ಕಳಿಸ್ತೀನಿ" ಅಂದರು. ಅವರದ್ದು ತಪ್ಪಲ್ಲ, ನಿಯಮ ಹಾಗೇ ಇದೆ. ಗೋವಿಂದ ಬಾಯಿಗೆ ಟವೆಲ್ಲು ಒತ್ತಿಕೊಂಡು ಹಿಂದೆ ಬಂದ. ಆಟ ಮತ್ತೆ ಶುರುವಾಯಿತು, ಒಬ್ಬಳು ಔಟಾದಳು, ಸೀಟಿ ಬಿತ್ತು. ನಮ್ಮ ಮಕ್ಕಳು ಮತ್ತೆ ನಿಂತವು.

ಹಿಂದೆ ಬೇವಿನ ಮರದ ನೆರಳಲ್ಲಿ ಕೂತಿದ್ದ ಸಿದ್ದಮ್ಮ ನನ್ನ ಹೆಗಲು ಹಿಡಿದು ಅಲುಗಾಡಿಸಿದಳು. "ಯಾಕೆ ನಿಂತ್ಕತವೆ ಮೇಡಮ್ಮೋರೆ?"

ಹೇಳಿದೆ. ಒಂದು ಸೀಟಿಗೆ ನಿಲ್ಲುವುದು ರೂಢಿಯಾಗಿದೆ, ರೈಟ್ ಅನ್ನಬೇಕು, ಆದರೆ ಗೋವಿಂದ ಅನ್ನುವ ಹಾಗಿಲ್ಲ.

"ನೋಡೋರು ಅಂದ್ರೆ?"

ನಾನು ಓದಿದ ಪುಸ್ತಕವನ್ನೆಲ್ಲ ಮನಸ್ಸಿನಲ್ಲೇ ತಿರುವಿದೆ. ನೋಡುವವರು ಏನನ್ನಬೇಕು ಏನನ್ನಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಅಷ್ಟರಲ್ಲಿ ಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಿದ್ದಳು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಪಳಗಿದ ಗಂಟಲು ಅದು.

"ರೈಟ್ ರೈಟ್!"

ನಿಂತಿದ್ದವಳು ಜೀವ ಬಂದವಳಂತೆ ಓಡಿದಳು, ಸಾಲಿನಲ್ಲಿ ಕೂತವರೂ ಖೋ ಬಿದ್ದಂತೆಲ್ಲ ಚಿಮ್ಮತೊಡಗಿದರು. ನಾಟಿ ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಸೀಟಿ ಬಿದ್ದಾಗಲೆಲ್ಲ, "ರೈಟ್ ರೈಟ್!" ನಾನೂ ಕೂಗಿದೆ. ನಯವಾದ ದನಿಯೆಲ್ಲ ಎಲ್ಲಿ ಹೋಯಿತೋ. ಜೀವಮಾನದಲ್ಲಿ ಗಟ್ಟಿಯಾಗಿ ಮಾತಾಡದ ಶಿವಬಸಪ್ಪನವರು ಛತ್ರಿ ಎತ್ತಿ ಕೂಗಿದರು. ಸ್ವಲ್ಪ ಹೊತ್ತಿಗೆ, ಮೊದಲು ಟಿಕೆಟ್ ಎಂದು ಹಂಗಿಸಿದ್ದ ಹುಡುಗರೂ ಸೇರಿಕೊಂಡರು. ಅಂಪೈರು ಒಮ್ಮೆ ನಮ್ಮ ಕಡೆ ದುರುಗುಟ್ಟಿ ನೋಡಿ, ಏನು ಮಾಡುವುದೋ ತಿಳಿಯದೆ ಆಟದ ಕಡೆ ತಿರುಗಿಕೊಂಡರು.

ಆ ಇನ್ನಿಂಗ್ಸಿನಲ್ಲಿ ರಾಜಮ್ಮಣಿ ಆಡಿದ್ದನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ. ಕಂಬವನ್ನು ಒಂದು ಕೈಯಲ್ಲಿ ಹಿಡಿದು ಮೈಯನ್ನು ಗಾಳಿಗೆ ಎಸೆದು ಆಚೆಯವಳನ್ನು ಮುಟ್ಟುತ್ತಿದ್ದಳು. ಒಮ್ಮೆ ಹಾಗೆ ಬಿದ್ದಾಗ ಮೊಣಕಾಲಿನ ಚರ್ಮ ಕಿತ್ತು ರಕ್ತ ಇಳಿಯಿತು. ಸಿದ್ದಮ್ಮ ಅಯ್ಯೋ ಎನ್ನಲು ಬಾಯಿ ತೆರೆದವಳು, ಅದೇ ಬಾಯಲ್ಲಿ, "ರೈಟ್ ರೈಟ್!" ಅಂದಳು. ರಾಜಮ್ಮಣಿ ಎದ್ದು ಓಡಿದಳು. ಓಡುವ ಸರದಿಯಲ್ಲಿ ಕೊನೆಯವರೆಗೂ ಅವಳನ್ನು ಮುಟ್ಟಲು ಆ ಕ್ಯಾನ್ವಾಸ್ ಶೂಗಳಿಂದ ಆಗಲಿಲ್ಲ.

ಆದರೂ ಸೋತೆವು. ಮೊದಲ ಇನ್ನಿಂಗ್ಸಿನಲ್ಲಿ ಕೈಬಿಟ್ಟದ್ದು ಅಷ್ಟಿತ್ತು, ಎರಡನೆಯದರಲ್ಲಿ ಅದನ್ನು ಬಹುಪಾಲು ತೀರಿಸಿ, ಕೂದಲೆಳೆಯಲ್ಲಿ ಸೋತೆವು. ಸಂಜೆ ಮೈಕಿನಲ್ಲಿ ಹಾಸ್ಟೆಲಿಗೆ ಆಯ್ಕೆಯಾದವರ ಹೆಸರು ಓದಿದರು. ನಮ್ಮ ಮಕ್ಕಳ ಒಂದು ಹೆಸರೂ ಬರಲಿಲ್ಲ. ನಾನು ಬಿಡಲಿಲ್ಲ. ಆಯ್ಕೆಗೆ ಬಂದಿದ್ದ ಹಿರಿಯ ಮೇಡಮ್ಮನವರನ್ನು ಅವರ ಜೀಪಿನ ಬಾಗಿಲಲ್ಲೇ ತಡೆದು ಕೇಳಿದೆ. ಅವರು ಒಳ್ಳೆಯವರು, ನಿಂತು ಉತ್ತರ ಹೇಳಿದರು. "ಆ ಹುಡುಗಿ ಕಾಲು ಚೆನ್ನಾಗಿದೆ ಕಣ್ರೀ. ಆದರೆ ಮೊದಲ ಇನ್ನಿಂಗ್ಸ್ ನೋಡಿ ನಾನು ಹೇಗೆ ತಗೊಳ್ಳಲಿ? ಸೀಟಿಗೆ ನಿಲ್ಲೋದು ಬಿಡಿಸಿ. ಮುಂದಿನ ವರ್ಷ ಎಂಟನೇ ಕ್ಲಾಸಿನವರನ್ನೂ ನೋಡ್ತೀವಿ, ಕರ್ಕೊಂಡು ಬನ್ನಿ. ಸ್ಕೂಲಲ್ಲಿ ಓದ್ತಿರಬೇಕು, ಅದೊಂದು ಇರಲೇಬೇಕು."

ಟೆಂಪೋ ಹೊರಟಿತು. ಮೇಡಮ್ಮನವರ ಮಾತನ್ನು ನಾನು ಎಲ್ಲರಿಗೂ ಕೇಳುವಂತೆ ಒಮ್ಮೆ ಹೇಳಿದೆ. ಗೋವಿಂದ ಹಿಂಬದಿಯ ಹಲಗೆಗೆ ಒರಗಿ, ಮುಖ ಆ ಕಡೆ ಮಾಡಿ ಕೂತಿದ್ದ. ಸಿದ್ದಮ್ಮ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಮಗಳ ಮೊಣಕಾಲು ಒರೆಸುತ್ತಿದ್ದಳು. ನಾನು ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ಹೀಗೆ ಕೇಳುತ್ತೇನೆ, ಹಾಗೆ ಹೇಳುತ್ತೇನೆ, ದಿನಾ ಬಂದು ಬಾಗಿಲಲ್ಲಿ ಕೂರುತ್ತೇನೆ, ನೋಡೇ ಬಿಡೋಣ ಎಂದೆಲ್ಲ. ಆದರೆ ರಾಜಮ್ಮಣಿ ಮಾತು ಕೊಟ್ಟದ್ದು ನನ್ನ ಎದುರಿಗೇ.

ಕಾಲೋನಿಯ ಹತ್ತಿರ ನಾಲೆಯ ಸೇತುವೆಯ ಬಳಿ ಎಲ್ಲರೂ ಇಳಿದರು. ನಾನು ಗಂಟಲು ಸರಿಮಾಡಿಕೊಂಡೆ. ನನಗಿಂತ ಮೊದಲು ರಾಜಮ್ಮಣಿಯೇ ಬಾಯಿಬಿಟ್ಟಳು.

"ಅವ್ವಾ, ಮಾತು ಕೊಟ್ಟಿದ್ನಲ್ಲ. ನಾಟಿಗೆ ಬತ್ತೀನಿ."

"ಯಾರು ಕರದ್ರು ನಿನ್ನ?" ಅಂದಳು ಸಿದ್ದಮ್ಮ, ಜಗಳಕ್ಕೆ ನಿಂತವಳ ಹಾಗೆ. "ಐಸ್ಕೂಲ್ಗೆ ಓಗಿ ಸೇರ್ಕೋ. ನಿನ್ ಸಾಲ್ನೂ ನಾನೇ ನೆಡ್ತೀನಿ."

ನಾನು ಹೂಡಿಟ್ಟಿದ್ದ ವಾದವೆಲ್ಲ ಬಾಯಲ್ಲೇ ಉಳಿಯಿತು. ಗೋವಿಂದ ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತ. ಈ ಸಲ ಓಡಿದ್ದಕ್ಕಲ್ಲ ಎಂದು ಖಚಿತವಾಗಿ ಹೇಳಬಲ್ಲೆ.

ಜುಲೈನಲ್ಲಿ ನಾಲೆಗೆ ನೀರು ಬಿಟ್ಟರು. ಮಾತಿನಂತೆ ನಾವು ಕಂಬ ಕಿತ್ತುಕೊಂಡೆವು. ರಾಜಮ್ಮಣಿಗೆಂದು ಹೊಲಿದ ಹೈಸ್ಕೂಲಿನ ನೀಲಿ ಲಂಗವನ್ನು ಕೊಡಲು ಒಂದು ಸಂಜೆ ನಾನು ಕಾಲೋನಿಗೆ ಹೋದೆ. ಮನೆ ಬಾಗಿಲು ಹಾಕಿತ್ತು. ಗದ್ದೆಯ ಹತ್ತಿರ ಹೋಗಿ ನೋಡಿದರೆ, ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಸಾಲು ಮುಗಿಸಿ ಬದು ಹತ್ತಿ ಕಾಲು ತೊಳೆಯುತ್ತಿದ್ದರು. ನೀರು ತುಂಬಿದ ಗದ್ದೆಯ ನಡುವೆ ಸಿದ್ದಮ್ಮ ಒಬ್ಬಳೇ ಇನ್ನೂ ಬಾಗಿದ್ದಳು. ಮಗಳ ಸಾಲು ಅರ್ಧ ಉಳಿದಿತ್ತು. ಬದುವಿನ ಮೇಲೆ ನಿಂತ ನನ್ನನ್ನು ಒಮ್ಮೆ ತಲೆಯೆತ್ತಿ ನೋಡಿ, ಪೈರಿನ ಇನ್ನೊಂದು ಹಿಡಿ ಕೈಗೆ ತೆಗೆದುಕೊಂಡಳು.